ಜುಲೈ ತಿಂಗಳ ಶ್ರೀಲಂಕಾ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ

ಕಡಲತೀರ, ತಿಮಿಂಗಿಲ, ಚಿರತೆ ಮತ್ತು ಕ್ಯಾಂಡಿಯ ಪೆರಹೆರ ಎಂಬ ಮೆರವಣಿಗೆಯ ಉತ್ಸವ, ಇಷ್ಟೂ ಏಳೇ ದಿನಗಳಲ್ಲಿ ಎಂದು ಬರೆದಿದ್ದ ಕಾರ್ಯಕ್ರಮ ಪಟ್ಟಿಯನ್ನು ನಂಬಿ, ಪೂರ್ತಿ ಹಣವನ್ನು ಮೊದಲೇ ಕಟ್ಟಿ, ಜುಲೈ ಮೂರನೆಯ ವಾರದಲ್ಲಿ ನಾವು ನಾಲ್ವರು ಶ್ರೀಲಂಕಾಕ್ಕೆ ಹೋಗಿ ಬಂದೆವು. ಆ ನಾಲ್ಕರಲ್ಲಿ ನಮಗೆ ದಕ್ಕಿದ್ದು ಒಂದು, ಅದೂ ಅರೆಬರೆ. ಇದೇ ಬಗೆಯ ಪ್ಯಾಕೇಜುಗಳು ಈಗಲೂ ಮಾರಾಟವಾಗುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ದಕ್ಷಿಣ ತೀರದ ಮಿರಿಸ್ಸಾದಲ್ಲಿ ತಂಗಿದ್ದೆವು. ನಸುಕಿನಲ್ಲಿ ಎದ್ದು ಬಂದರಿಗೆ ಹೋದರೆ, ತಿಮಿಂಗಿಲ ತೋರಿಸಬೇಕಿದ್ದ ದೋಣಿಗಳು ಟಾರ್ಪಾಲು ಹೊದ್ದು ಸಾಲಾಗಿ ಕಟ್ಟಿಹಾಕಿಕೊಂಡಿದ್ದವು. ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯರೊಬ್ಬರು ನಮ್ಮ ವೋಚರನ್ನು ತಿರುವಿ ನೋಡಿ, ನವೆಂಬರಿನಲ್ಲಿ ಬನ್ನಿ ಎಂದು ನಕ್ಕರು. ಅದರ ಹಿಂಬದಿಯಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ದೋಣಿವಿಹಾರವು ಹವಾಮಾನಕ್ಕೆ ಒಳಪಟ್ಟಿದೆಯೆಂದೂ ಹಣ ಮರಳಿಸಲಾಗದೆಂದೂ ಅಚ್ಚಾಗಿತ್ತು. ಆದರೆ ಇದು ಆ ದಿನದ ಹವಾಮಾನದ ಮಾತೇ ಅಲ್ಲ. ನೈಋತ್ಯ ಮುಂಗಾರು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಂದು ಬಡಿಯುವುದೇ ಈ ದಂಡೆಗೆ. ಇಲ್ಲಿ ತಿಮಿಂಗಿಲ ನೋಡುವ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ತೀರದಲ್ಲಿ ಎರಡೂ ದಿನ ಕೆಂಪು ಬಾವುಟ ಹಾರುತ್ತಿತ್ತು, ಮಕ್ಕಳು ಪಾದ ನೆನೆಸಿದ್ದಷ್ಟೇ ಬಂತು.

ಯಾಲ ಅಭಯಾರಣ್ಯದಲ್ಲಿ ಚಿರತೆಯನ್ನು ಕಂಡದ್ದು ನಿಜ, ಸರಿಯಾಗಿ ಹೇಳಬೇಕೆಂದರೆ ಅದರ ಬಾಲವನ್ನು. ಒಬ್ಬ ಚಾಲಕ ಕಂಡೊಡನೆ ಉಳಿದವರಿಗೆ ಫೋನ್ ಮಾಡುತ್ತಾನೆ. ಹತ್ತು ನಿಮಿಷದೊಳಗೆ ಆ ಒಂದು ಮರದ ಸುತ್ತ ಜೀಪುಗಳ ಸಂತೆ ನೆರೆದು, ಡೀಸೆಲ್ ಹೊಗೆಯಲ್ಲಿ ಕೊಂಬೆಯೇ ಮಸುಕಾಗಿತ್ತು. ಪ್ಯಾಕೇಜಿನಲ್ಲಿ ಜೀಪಿನ ಬಾಡಿಗೆ ಸೇರಿತ್ತೇ ಹೊರತು ಪ್ರವೇಶ ಶುಲ್ಕ ಸೇರಿರಲಿಲ್ಲ. ವಿದೇಶಿಯರ ದರ ಸ್ಥಳೀಯರಿಗಿಂತ ಬಹಳ ಹೆಚ್ಚು, ಅದನ್ನು ಗೇಟಿನಲ್ಲಿ ನಾವೇ ತೆತ್ತೆವು.

ಪೆರಹೆರದ ವಿಷಯ ಇನ್ನೂ ಕಹಿಯಾದುದು. ಬುದ್ಧನ ದಂತಧಾತುವಿರುವ ದಳದಾ ಮಾಳಿಗಾವ ದೇಗುಲದ ಈ ಉತ್ಸವ ಇಂಗ್ಲಿಷ್ ತಾರೀಖಿನ ಪ್ರಕಾರ ನಡೆಯುವುದಿಲ್ಲ, ಚಂದ್ರನನ್ನು ಅನುಸರಿಸುತ್ತದೆ. ಅದು ಮುಗಿಯುವುದು ನಿಕಿನಿ ಹುಣ್ಣಿಮೆಗೆ, ಅಂದರೆ ನಮ್ಮ ಶ್ರಾವಣ ಹುಣ್ಣಿಮೆಯ ಆಸುಪಾಸಿನಲ್ಲಿ. ಮೊದಲ ಐದು ರಾತ್ರಿ ಕುಂಬಲ್ ಪೆರಹೆರ, ಅನಂತರದ ಐದು ರಾತ್ರಿ ಇನ್ನೂ ವೈಭವದ ರಂದೋಳಿ ಪೆರಹೆರ. ಮನೆಯ ಗೋಡೆಯ ಪಂಚಾಂಗವನ್ನು ಒಮ್ಮೆ ನೋಡಿದ್ದರೂ ನನಗೆ ತಿಳಿಯುತ್ತಿತ್ತು. ನಾವು ಕ್ಯಾಂಡಿ ತಲುಪಿದಾಗ ಅಲ್ಲಿ ಏನೂ ಆರಂಭವಾಗಿರಲಿಲ್ಲ. ಪಟ್ಟಿಯಲ್ಲಿದ್ದ ‘ಪೆರಹೆರ ಅನುಭವ’ ಎಂದರೆ ಪ್ರವಾಸಿಗರಿಗಾಗಿ ಸಭಾಂಗಣವೊಂದರಲ್ಲಿ ನಡೆಸುವ ಒಂದು ಗಂಟೆಯ ನೃತ್ಯ ಪ್ರದರ್ಶನ ಎಂಬುದು ಬಾಗಿಲಲ್ಲಿ ನಿಂತಾಗ ಗೊತ್ತಾಯಿತು.

ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಅದೇ ವಾರ ದ್ವೀಪದ ಇನ್ನೊಂದು ಮಗ್ಗುಲು ಸುಸ್ಥಿತಿಯಲ್ಲಿತ್ತು. ಪೂರ್ವ ತೀರದ ತ್ರಿಕೋನಮಲೆಯ ಬಳಿಯ ನಿಲಾವೆಳಿಯಲ್ಲಿ ಆ ತಿಂಗಳುಗಳಲ್ಲಿ ಕಡಲು ಶಾಂತವಾಗಿರುತ್ತದೆ. ಕ್ಯಾಂಡಿಯ ಉತ್ತರಕ್ಕಿರುವ ಮಿನ್ನೇರಿಯಾದಲ್ಲಿ, ಮಹಾಸೇನ ರಾಜ ಕಟ್ಟಿಸಿದ ಕೆರೆಯ ನೀರು ಅಲ್ಲಿನ ಮಳೆಯಿಲ್ಲದ ತಿಂಗಳುಗಳಲ್ಲಿ ಇಳಿದಂತೆ ಹೊರಬೀಳುವ ಹಸಿರು ಹುಲ್ಲಿಗೆ ನೂರಾರು ಕಾಡಾನೆಗಳು ಸೇರುತ್ತವೆ. ಆಗಸ್ಟ್, ಸೆಪ್ಟೆಂಬರ್ ಅದಕ್ಕೆ ತಕ್ಕ ಕಾಲ. ಆದ್ದರಿಂದ ಪೆರಹೆರ ನೋಡಲೇಬೇಕೆನ್ನುವವರು ಕ್ಯಾಂಡಿ, ಮಿನ್ನೇರಿಯಾ, ನಿಲಾವೆಳಿಗಳನ್ನು ಜೋಡಿಸಿಕೊಳ್ಳಲಿ. ಮಿರಿಸ್ಸಾ, ತಿಮಿಂಗಿಲ, ಯಾಲ ಬೇಕೆನ್ನುವವರು ಫೆಬ್ರುವರಿಯಲ್ಲಿ ಹೋಗಲಿ. ಆಗ ಕೊಲಂಬೊದ ಗಂಗಾರಾಮಯ ವಿಹಾರದಲ್ಲಿ ನವಂ ಪೆರಹೆರವೂ ಹುಣ್ಣಿಮೆಯ ಹೊತ್ತಿಗೆ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ಯಾಲ ಎಂದು ಯಾರಾದರೂ ಹೇಳಿದರೆ ಎರಡು ಸಲ ವಿಚಾರಿಸಿ, ಏಕೆಂದರೆ ಬರದ ಕಾರಣ ಅದರ ಮೊದಲನೆಯ ವಿಭಾಗವನ್ನು ಆ ಸುಮಾರಿಗೆ ಕೆಲವು ವಾರ ಮುಚ್ಚುವುದು ರೂಢಿ.

ಊರಿಗೆ ಮರಳಿ ಆರು ಪತ್ರ ಬರೆದ ಮೇಲೆ ಆ ಪ್ರವಾಸ ಸಂಸ್ಥೆಯವರು ಹಣದ ಬದಲು ಒಂದು ಕ್ರೆಡಿಟ್ ನೋಟ್ ಕಳಿಸಿದರು. ಮಿರಿಸ್ಸಾದ ತಿಮಿಂಗಿಲ ವಿಹಾರಕ್ಕೆ ಅದನ್ನು ಮುಂದಿನ ಜೂನ್ ಮತ್ತು ಆಗಸ್ಟ್ ನಡುವೆ ಬಳಸಿಕೊಳ್ಳಬೇಕಂತೆ.