ನಾಲಿಗೆ ಮಾದರಿ: ನರದ ದಾರಿ ಸರಿ, ಕೊನೆಯ ಬೆಸುಗೆ ತಪ್ಪು

ತರಗತಿಗೆಂದು ಮಾರುವ ಈ ಪ್ಲಾಸ್ಟಿಕ್ ಮಾದರಿಯಲ್ಲಿ ಎರಡು ತುಂಡುಗಳಿವೆ: ನರಗಳ ಸಮೇತ ಇಡೀ ನಾಲಿಗೆ ಒಂದು, ಉದ್ದಕ್ಕೆ ಸೀಳಿ ತೋರಿಸಿದ ಅಂಗೈಯಗಲದ ರುಚಿಮೊಗ್ಗು, ಅಂದರೆ ರುಚಿ ಗ್ರಹಿಸುವ ಕೋಶಗಳ ಗೊಂಚಲು, ಇನ್ನೊಂದು. ಮೊದಲನೆಯದನ್ನು ಇದ್ದ ಹಾಗೇ ಬಳಸಬಹುದು. ಎರಡನೆಯದನ್ನು ತಿದ್ದದೆ ಪಾಠಕ್ಕೆ ಇಡಬೇಡಿ.

ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಒಯ್ಯುವ ಕೋರ್ಡಾ ಟಿಂಪನಿ ಎಂಬ ನರಕ್ಕೆ ಹಳದಿ ಬಣ್ಣ, ಅದೇ ಭಾಗದ ಸ್ಪರ್ಶ, ನೋವು, ಖಾರದ ಉರಿ ಒಯ್ಯುವ ಲಿಂಗ್ವಲ್ ನರಕ್ಕೆ ನೀಲಿ. ಎರಡೂ ಜೊತೆಯಾಗಿ ಸಾಗಿ, ಹಳದಿ ಎಳೆ ಕಿವಿಯ ಕಡೆಗೆ ಕವಲೊಡೆಯುವ ಜಾಗವೂ ಸರಿಯಾಗಿದೆ. ಹಿಂಬದಿಯ ದೊಡ್ಡ ದುಂಡು ಉಬ್ಬುಗಳು 'ವಿ' ಆಕಾರದ ಗೆರೆಯ ಮುಂದಿದ್ದರೂ ಅವುಗಳ ರುಚಿ ಸಾಗುವುದು ಮಿದುಳಿಗೆ ನೇರ ಸೇರುವ 9ನೇ ಕಪಾಲ ನರದಲ್ಲಿ. ಎಷ್ಟೋ ಚಿತ್ರಪಟಗಳು ಎಡವುವ ಈ ಕಡೆ ಮಾದರಿ ಎಡವಿಲ್ಲ. ನೂಲಿನಂಥ ಉಬ್ಬುಗಳಿಗೆ ರುಚಿಮೊಗ್ಗನ್ನೂ ಅಂಟಿಸಿಲ್ಲ, ಮೆಚ್ಚಬೇಕು.

ಎರಡನೇ ತುಂಡಿನಲ್ಲಿ ಹನ್ನೆರಡು ಕೋಶಗಳಿವೆ. ನಿಜದಲ್ಲಿ ಒಂದು ಮೊಗ್ಗಿನಲ್ಲಿ 50ರಿಂದ 100 ಇರುತ್ತವೆ, ಅಷ್ಟು ಕಡಿತ ಒಪ್ಪಬಹುದು. ಒಪ್ಪಲಾಗದ್ದು ಪ್ರತಿ ಕೋಶದ ಬುಡಕ್ಕೂ ಪಿನ್ನಿನಿಂದ ಚುಚ್ಚಿರುವ ತಂತಿ. ಆಧಾರವಾಗಿ ನಿಲ್ಲುವ ಮೊದಲನೇ ಬಗೆಯ ಕೋಶಗಳಿಗೂ ತಂತಿ ಕೊಟ್ಟಿದ್ದಾರೆ! ಪುಟ್ಟ ಚೀಲಗಳಿಂದ ಸಂದೇಶ ಸುರಿಸುವ ಮಾಮೂಲಿ ಸೈನಾಪ್ಸ್ (ನರದ ಜೊತೆಗಿನ ಸಂದೇಶದ ಸಂಧಿ) ಇರುವುದು ಹುಳಿ ಗ್ರಹಿಸುವ ಮೂರನೇ ಬಗೆಗೆ ಮಾತ್ರ. ಸಿಹಿ, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನಂಥ ರುಚಿ) ಗ್ರಹಿಸುವ ಎರಡನೇ ಬಗೆಯಲ್ಲಿ ಅಂಥ ಚೀಲಗಳಿಲ್ಲ. ಪೊರೆಯ ಕಾಲುವೆಯಿಂದ ಎಟಿಪಿ ಎಂಬ ರಾಸಾಯನಿಕ ಹೊರಬಿದ್ದು, ಒತ್ತಿಕೊಂಡಿರುವ ನರತಂತುವಿನ ಗ್ರಾಹಕಕ್ಕೆ ತಾಗುತ್ತದೆ. ಆ ಸಂಪರ್ಕದ ಜಾಗದಲ್ಲಿ, ಕೋಶದ ಒಳಬದಿಗೆ, ಶಕ್ತಿ ಒದಗಿಸುವ ಒಂದು ದೊಡ್ಡ ಮೈಟೊಕಾಂಡ್ರಿಯಾ ಕೂತಿರುತ್ತದೆ. ಮಾದರಿಯಲ್ಲಿ ಅದರ ಸುಳಿವೇ ಇಲ್ಲ.

ತಿದ್ದುವುದು ಕಷ್ಟವಲ್ಲ. ಮೊದಲನೇ ಬಗೆಯ ಪಿನ್ನುಗಳನ್ನು ಕಿತ್ತು ತೂತಿಗೆ ಮೇಣ ತುಂಬಿ. ಎರಡನೇ ಬಗೆಯಲ್ಲಿ ತಂತಿಯ ತುದಿ ಚುಚ್ಚದೆ ಕೋಶದ ಮೈಗೆ ಒರಗಿಸಿ, ಒಳಬದಿಗೆ ಕೆಂಪು ಮಣಿಯೊಂದನ್ನು ಅಂಟಿಸಿ, ಅದೇ ಮೈಟೊಕಾಂಡ್ರಿಯಾ. ಒಂದೇ ತಂತಿಯನ್ನು ಸೀಳಿ ಎರಡು ಮೂರು ಕೋಶಗಳಿಗೆ ಮುಟ್ಟಿಸಿ, ಏಕೆಂದರೆ ತಂತು ಹೀಗೆ ಕವಲೊಡೆಯುವುದು ಸಾಮಾನ್ಯ. ಮೂರನೇ ಬಗೆಯ ಪಿನ್ನು ಹಾಗೇ ಇರಲಿ.

ಇನ್ನೊಂದು ತೊಂದರೆ: ಕೋಶಗಳನ್ನು ಕಳಚಿ ಹಾಕುತ್ತಿದ್ದರೆ ತೂತು ಸಡಿಲಾಗಿ ತಂತಿ ಉದುರುತ್ತದೆ. ಆದರೂ ಕಳಚಲೇಬೇಕು. ರುಚಿಕೋಶಗಳ ಸರಾಸರಿ ಆಯುಷ್ಯ ಸುಮಾರು 10 ದಿನ, ಹಳೆಯದು ಸತ್ತಾಗ ನರತಂತು ಹೊಸ ಕೋಶವನ್ನು ಹುಡುಕಿ ಸೇರಬೇಕು. ಅದನ್ನು ತೋರಿಸಲು ಬೇರೆ ದಾರಿಯಿಲ್ಲ. ಪಿನ್ನಿನ ಬದಲು ಚಿಕ್ಕ ಅಯಸ್ಕಾಂತ ಹಾಕಿದರೆ ಬಾಳಿಕೆ ಬರುತ್ತದೆ. ನರದ ಕಟ್ಟನ್ನೇ ಕಿತ್ತರೆ ಮೊಗ್ಗನ್ನೂ ಎತ್ತಿಡಿ: ನರ ಕಡಿದರೆ ಮೊಗ್ಗು ಸೊರಗುತ್ತದೆ, ನರ ಮತ್ತೆ ಬೆಳೆದು ತಲುಪಿದರೆ ಮರಳುತ್ತದೆ.

ಜೊತೆಗೆ ಬರುವ ಹಾಳೆಯಲ್ಲಿ ತುದಿಗೆ ಸಿಹಿ, ಹಿಂದೆ ಕಹಿ ಎಂಬ ಹಳೇ ತಪ್ಪು ನಕ್ಷೆ ಇದೆ. ಹರಿದು ಬಿಸಾಡಿ. ಒರೆಸಲು ಒದ್ದೆ ಬಟ್ಟೆ ಸಾಕು. ಸ್ಪಿರಿಟ್ ತಾಗಿದರೆ ಹಳದಿ ಬಣ್ಣ ಏಳುತ್ತದೆ, ಆಮೇಲೆ ರುಚಿಯ ನರ ಯಾವುದೋ ಹೇಳುವುದೇ ಕಷ್ಟ.