ವಿದ್ಯಾಗಿರಿ ಬಾಡಿಗಿ ಪುಸ್ತಕದಂಗಡಿ, ಆಕ್ಟೇವಿಯಾ ಬಟ್ಲರ್ ರ‍್ಯಾಕ್: ರೊಕ್ಕಕ್ಕ ಮೋಸ ಇಲ್ಲ, ಫೈಲ್ ಮಾತ್ರ ನೋಡ್ಕೊಂಡು ಓದ್ರಿ

ಬಾಗಲಕೋಟಿ ಮಂದಿಗೆ ಮೊದ್ಲ ಹೇಳಿಬಿಡ್ತೀನಿ, ಐದು ಸ್ಟಾರ್ ಕೊಡೂದಿಲ್ಲ, ನಾಲ್ಕು ಕೊಡ್ತೀನಿ, ಒಂದು ಯಾಕ ಕಟ್ ಮಾಡೀನಿ ಅನ್ನೂದು ಕೆಳಗ ಬರ್ತೈತಿ. ವಿದ್ಯಾಗಿರಿ ಒಳಗ ಕಾಲೇಜ್ ಹುಡುಗ್ರು ಚಾ ಕುಡಿಯಾಕ ನಿಲ್ಲೂ ಕಡೆ ಒಂದು ಪುಸ್ತಕದ ಅಂಗಡಿ ಐತಲ್ಲ, ಮುಂದೆಲ್ಲಾ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಗೈಡು, ಹಳೇ ಪ್ರಶ್ನೆಪತ್ರಿಕೆ ಬಂಡಲ್, ಅದನ್ನ ನೋಡಿ ಇಲ್ಲೇನ್ ಕಥಿ ಪುಸ್ತಕ ಸಿಗ್ತಾವು ಅಂತ ಭಾಳ ಮಂದಿ ಹೊರಗಿಂದ ಹೊರಗ ಹೋಗಿಬಿಡ್ತಾರ. ಹಿಂದಿನ ಖೋಲ್ಯಾಗ ಬಾಡಿಗಿ ಲೈಬ್ರರಿ ಐತ್ರಿ. ಬೋರ್ಡ್ ಇಲ್ಲ, ಕೇಳಿದ್ರ ಅಷ್ಟ ಅಂಗಡಿ ಕಾಕಾ ಒಳಗ ಬಿಡ್ತಾರ.

ಸ್ಕೀಮ್ ಏನಂದ್ರ 500 ರೂಪಾಯಿ ಡಿಪಾಸಿಟ್, ತಿಂಗಳಿಗೆ 150, ಒಮ್ಮೆಗೆ ಎರಡು ಪುಸ್ತಕ. ಇಷ್ಟಾದ್ರ ಯಾರರ ಮಾಡ್ತಾರ, ಆದ್ರ ಇಲ್ಲೆ ಕಾಕಾ ಒಬ್ಬ ಲೇಖಕರನ್ನ ಹಿಡ್ಕೊಂಡು ಅವ್ರ ಪುಸ್ತಕ ಎಲ್ಲಾ ಅಚ್ಚಾದ ವರ್ಷದ ಪ್ರಕಾರ ಒಂದ ರ‍್ಯಾಕಿನ್ಯಾಗ ಜೋಡಿಸಿಡ್ತಾರ, ಜೋಡಿಗೆ ಆ ಲೇಖಕರ ಜೀವನದ ಮ್ಯಾಲೆ ಒಂದು ಫೈಲು, ಕನ್ನಡದಾಗ ಡಿಟಿಪಿ ಮಾಡ್ಸಿ ಝೆರಾಕ್ಸ್ ತಗಿಸಿ ಸ್ಪೈರಲ್ ಬೈಂಡಿಂಗ್ ಹಾಕ್ಸಿದ್ದು. ಪುಸ್ತಕ ಇಂಗ್ಲಿಷ್, ಫೈಲು ಕನ್ನಡ. ನಾ ತಗೊಂಡಿದ್ದು ಆಕ್ಟೇವಿಯಾ ಬಟ್ಲರ್ ರ‍್ಯಾಕ್. ಸೈನ್ಸ್ ಫಿಕ್ಷನ್ ಅಂದ್ರ ರಾಕೆಟ್ಟು, ರೋಬೋಟ್ಟು, ಗಂಡಸ್ರ ಆಟ ಅಂತ ತಿಳ್ಕೊಂಡವ್ರು ಈ ರ‍್ಯಾಕಿಗೆ ಕೈ ಹಾಕ್ರಿ ಒಮ್ಮೆ.

ಯಾರೀಕಿ ಅಂದ್ರ, 1947ರಾಗ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಾಗ ಹುಟ್ಟಿದ ಕರಿಯ ಹೆಣ್ಮಗಳು. ಅಪ್ಪ ಬೂಟ್ ಪಾಲಿಶ್ ಮಾಡಾಂವ, ಈಕಿ ಸಣ್ಣಾಕಿ ಇದ್ದಾಗನ ತೀರ್ಕೊಂಡ. ಅವ್ವ ಬಿಳಿಯರ ಮನ್ಯಾಗ ಮನಿಗೆಲಸ, ಹಿಂದಿನ ಬಾಗಲಿಂದ ಒಳಗ ಹೋಗಬೇಕು, ಏನರ ಅಂದ್ರೂ ಅನ್ನಿಸ್ಕೊಂಡು ಸುಮ್ನಿರಬೇಕು, ಮಗಳು ಜೋಡಿ ಹೋಗಿ ಅದನ್ನೆಲ್ಲಾ ನೋಡ್ಯಾಳ. ಆ ಮನಿಯವ್ರು ಒಗದ ಹಳೇ ಪುಸ್ತಕನ್ನ ಅವ್ವ ಮಗಳ ಸಲುವಾಗಿ ತರ್ತಿದ್ಲಂತ. ಹುಡುಗಿಗೆ ಡಿಸ್ಲೆಕ್ಸಿಯಾ, ಓದೂದು ನಿಧಾನ, ಮ್ಯಾಲೆ ಆರಡಿ ಎತ್ತರ, ಭಾಳ ನಾಚಿಕಿ, ಸಾಲ್ಯಾಗ ಎಲ್ಲಾರೂ ಕಾಡಾವ್ರ. ಹತ್ತು ವರ್ಷದಾಕಿ ಇದ್ದಾಗ ಟೈಪ್‌ರೈಟರ್ ಬೇಕು ಅಂತ ಹಠ ಹಿಡದ್ರ ಅವ್ವ ಹೆಂಗರ ಮಾಡಿ ರೆಮಿಂಗ್ಟನ್ ಕೊಡ್ಸಿದ್ಲು. ಟಿವ್ಯಾಗ ಒಂದು ಲಡ್ಡು ಮಂಗಳಗ್ರಹದ ಸಿನೆಮಾ ನೋಡಿ ಇದಕ್ಕಿಂತ ಛಲೋ ನಾನ ಬರೀತೀನಿ ಅಂತ ಕೂತಾಕಿ ಈಕಿ. ಅತ್ತಿಯೋ ಚಿಗವ್ವಳೋ ಒಬ್ರು ಪ್ರೀತಿಲೇನ ಹೇಳಿದ್ರಂತ, ಕರಿಯರು ಲೇಖಕರಾಗಾಕ ಆಗೂದಿಲ್ಲ ಮಗಳ ಅಂತ. ಬೈದು ಹೇಳಿದ್ದಲ್ಲ, ಅದಕ್ಕ ಹೆಚ್ಚು ಚುಚ್ಚತೈತಿ.

ಇಲ್ಲೀತನಕ ಫೈಲಿನ್ಯಾಗ ಛಂದ ಬಂದೈತ್ರಿ, ಕಾಕಾನ ಕನ್ನಡ ಓದಸ್ಕೊಂಡು ಹೋಗ್ತೈತಿ. ನನ್ನ ತಕರಾರು ಮುಂದಿಂದು. ಫೈಲು ಇಲ್ಲಿಂದ ಒಂದ ಜಿಗತಕ್ಕ ಪ್ರಶಸ್ತಿಗೆ ಹಾರ್ತೈತಿ, ಕಷ್ಟಪಟ್ಲು ಗೆದ್ಲು ಅಂತ ಮೋಟಿವೇಶನ್ ಕ್ಲಾಸ್ ಮಾಡಿದಂಗ. ನಾ ದುಡ್ಡಿನ ಲೆಕ್ಕ ನೋಡೂ ಕೆಲಸದಾಕಿ, ನನಗ ಈಕಿ ಬರವಣಿಗಿ ಬದುಕು ಅಂದ್ರ ಪೂರಾ ರೊಕ್ಕದ ಕಥಿನ ಕಾಣ್ತೈತಿ. ಸಣ್ಣಾಕಿ ಇದ್ದಾಗ ಯಾವನೋ ಏಜೆಂಟ್ ಅಂತ ಹೇಳ್ಕೊಂಡಾಂವ ಕಥಿ ಓದಾಕ ಫೀ ಅಂತ 60 ಡಾಲರ್ ಮ್ಯಾಲೆ ಕಿತ್ಕೊಂಡ, ಆಗ ಇವ್ರ ಮನಿಯ ಒಂದು ತಿಂಗಳ ಬಾಡಿಗಿಕಿಂತ ಹೆಚ್ಚಂತ ಅದು. 1970ರಾಗ ಸೈನ್ಸ್ ಫಿಕ್ಷನ್ ಬರಿಯೂದು ಕಲಿಸೂ ಕ್ಲೇರಿಯನ್ ಅನ್ನೂ ವರ್ಕ್‌ಶಾಪಿಗೆ ಹೋದ್ಲು, ಹಾರ್ಲನ್ ಎಲಿಸನ್ ಅನ್ನೂ ಹೆಸರಾದ ಲೇಖಕ ಬೆನ್ನು ತಟ್ಟಿದ, ಎರಡು ಕಥಿ ಮಾರಾಟ ಆದ್ವು, ಆತು ಇನ್ನ ನಾ ಲೇಖಕಿ ಅಂತ ತಿಳ್ಕೊಂಡ್ಲು, ಆಮ್ಯಾಲೆ ಐದು ವರ್ಷ ಒಂದೂ ಹೋಗ್ಲಿಲ್ಲ. ಆ ಐದು ವರ್ಷದಾಗ ಏನ್ ಮಾಡಿದ್ಲು ಅನ್ನೂದ ಅಲ್ಲೇನ್ರಿ ಮುಖ್ಯ? ಪಾತ್ರೆ ತೊಳದ್ಲು, ಫೋನಿನ್ಯಾಗ ಸಾಮಾನು ಮಾರಿದ್ಲು, ಚಿಪ್ಸ್ ಫ್ಯಾಕ್ಟರ್ಯಾಗ ಚಿಪ್ಸ್ ಆರಿಸೂ ಕೆಲಸ ಮಾಡಿದ್ಲು, ರಾತ್ರಿ ಎರಡಕ್ಕ ಎದ್ದು ಬರದು ಆಮ್ಯಾಲೆ ಡ್ಯೂಟಿಗೆ ಹೋಗ್ತಿದ್ಲು. ತೆಲಿ ತಿನ್ನೂ ನೌಕರಿ ಬ್ಯಾಡ, ತೆಲಿ ಖಾಲಿ ಇದ್ರ ಬರಿಯಾಕ ಬರ್ತೈತಿ ಅಂತ ಬೇಕಂತನ ಇಂಥ ಕೆಲಸ ಹಿಡೀತಿದ್ಲು. ಫೈಲಿನ್ಯಾಗ ಇದಕ್ಕ ಎರಡು ಸಾಲು, ಪ್ರಶಸ್ತಿಗೆ ಮೂರು ಪುಟ, ಫೋಟೊ ಬ್ಯಾರೆ.

ರ‍್ಯಾಕ್ ಮಾತ್ರ ಈ ವಿಷಯ ಫೈಲ್‌ಕಿಂತ ಛಲೋ ಹೇಳ್ತೈತಿ. ಮೊದ್ಲ ಪುಸ್ತಕ ಪ್ಯಾಟರ್ನ್‌ಮಾಸ್ಟರ್, 1976. ತೆಳ್ಳಗ ಐತಿ, ಮನಸ್ಸಿಂದ ಮನಸ್ಸಿಗೆ ಹಗ್ಗ ಕಟ್ಟಿದಂಗ ಜೋಡಿಸ್ಕೊಂಡ ಮಂದಿ, ಅವ್ರ ಮ್ಯಾಲೆ ಒಬ್ಬ ದೊರಿ, ಪಟ್ಟಕ್ಕ ಅಣ್ಣತಮ್ಮರ ಜಗಳ. ಕಥಿ ಲೆಕ್ಕದಾಗ ಇದು ಒಂದು ಸರಣಿಯ ಕಡೀ ಭಾಗ, ಶುರು ಆಗೂದು 1980ರ ವೈಲ್ಡ್ ಸೀಡ್‌ದಾಗ, ಅದು 1690ರ ಆಫ್ರಿಕಾದಿಂದ ಚಾಲೂ ಆಗ್ತೈತಿ. ಅದಕ್ಕ ಕಾಲೇಜ್ ಹುಡುಗ್ರು ಬಂದು ಕಾಕಾ ಕಥಿ ಪ್ರಕಾರ ಜೋಡಿಸ್ರಿ ಅಂತ ಜಗಳ ತಗೀತಾರ, ಕಾಕಾ ಒಪ್ಪೂದಿಲ್ಲ, ನಾನೂ ಕಾಕಾನ ಕಡೀನ. ಅಚ್ಚಾದ ವರ್ಷದ ಪ್ರಕಾರ ಓದಿದ್ರ ಕೈ ಹೆಂಗ ಪಳಗಿತು ಅನ್ನೂದು ಕಣ್ಣಿಗೆ ಕಾಣ್ತೈತಿ, ನಾಲ್ಕ ವರ್ಷದಾಗ ಅದ ಹೆಣ್ಮಗಳು ಬರದಾಳೇನು ಅನ್ನಿಸ್ತೈತಿ. ವೈಲ್ಡ್ ಸೀಡ್‌ನ ಅನ್ಯಾನ್ವು ಅಂಥ ಪಾತ್ರ ನಾ ಭಾಳ ಕಮ್ಮಿ ಓದೀನಿ, ಸಾವಿಲ್ಲದ ಇಬ್ರು, ಒಬ್ಬಾಂವ ಮಂದಿ ಮೈ ಕಸ್ಕೊಂಡು ಬದುಕಾಂವ, ಈಕಿ ತನ್ನ ಮೈ ತಾನ ರಿಪೇರಿ ಮಾಡ್ಕೊಂಡು ಬದುಕಾಕಿ, ನೂರಾರು ವರ್ಷದ ಗಂಡ ಹೆಂಡ್ತಿ ಜಗಳ ಅಂದ್ರ ಇದು.

ನಡುವ ಒಂದು ಜಾಗ ಖಾಲಿ ಬಿಟ್ಟಾರ, 1978ರ ಸರ್ವೈವರ್. ಫೈಲಿನ್ಯಾಗ ಸ್ಟಾಕ್ ಇಲ್ಲ ಅಂತ ಬರದಾರ. ಹಂಗ ಬರೀಬಾರದಿತ್ರಿ, ಸ್ಟಾಕ್ ಪ್ರಶ್ನೆ ಅಲ್ಲ ಅದು, ಬಟ್ಲರ್ ತಾನ ಆ ಪುಸ್ತಕ ಮತ್ತ ಅಚ್ಚು ಹಾಕಾಕ ಬಿಡಲಿಲ್ಲ, ಇದು ನನ್ನ ಸ್ಟಾರ್ ಟ್ರೆಕ್ ಕಾದಂಬರಿ ಅಂತ, ಅಂದ್ರ ಆ ಬಾಹ್ಯಾಕಾಶದ ಟಿವಿ ಸೀರಿಯಲ್ ಇದ್ದಂಗ ಅಂತ, ಚ್ಯಾಷ್ಟಿ ಮಾಡ್ತಿದ್ಲು. ತನ್ನ ಮಾಲ್ ಸರಿ ಇಲ್ಲ ಅಂತ ತಾನ ಮಾರ್ಕೆಟ್ಟಿಂದ ಎತ್ತಿದಾಕಿ, ರೊಕ್ಕದ ಅಡಚಣಿ ಇಟ್ಕೊಂಡೂ. ಇದನ್ನ ಫೈಲಿನ್ಯಾಗ ಹಾಕ್ರಿ ಕಾಕಾ ಅಂದೆ. ಹಾಕೋಣ ತಗೋವಾ ಅಂದಾರ, ನೋಡೋಣ.

ಹೊಸಬ್ರು ಎಲ್ಲಿಂದ ಚಾಲೂ ಮಾಡಬೇಕು ಅಂದ್ರ ರ‍್ಯಾಕಿನ ಮೊದಲ್ನೇದು ಬ್ಯಾಡ, ಸೀದಾ 1979ರ ಕಿಂಡ್ರೆಡ್‌ಗೆ ಹೋಗ್ರಿ. 1976ರ ಲಾಸ್ ಏಂಜಲೀಸಿನ ಡೇನಾ ಅನ್ನೂ ಹೆಣ್ಮಗಳು, ಹುಟ್ಟಿದಬ್ಬದ ದಿನ ಮನ್ಯಾಗ ಪುಸ್ತಕ ಜೋಡಿಸ್ತಿರ್ತಾಳ, ತೆಲಿ ಗಿರ್ ಅಂತೈತಿ, ಕಣ್ಣು ಬಿಟ್ರ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡ್, ಗುಲಾಮರ ಕಾಲ. ಮಷಿನ್ ಇಲ್ಲ, ಬಟನ್ ಇಲ್ಲ, ಹೆಂಗ ಹೋದ್ಲು ಅಂತ ಕಡೀತನಕ ಹೇಳೂದಿಲ್ಲ, ಅದಕ್ಕ ಬಟ್ಲರ್ ಇದು ಸೈನ್ಸ್ ಫಿಕ್ಷನ್ನ ಅಲ್ಲ ಅಂತಿದ್ಲು. ಅಲ್ಲಿ ಒಬ್ಬ ಬಿಳಿ ಹುಡುಗನ್ನ ಪದೇ ಪದೇ ಜೀವ ಉಳಸಬೇಕು, ಯಾಕಂದ್ರ ಆಂವ ಈಕಿ ವಂಶದ ಹಿರ್ಯಾ, ಆಂವ ಸತ್ರ ಈಕಿ ಹುಟ್ಟೂದ ಇಲ್ಲ, ಮತ್ತ ಆಂವ ಬೆಳದು ಎಂಥಾಂವ ಆಗ್ತಾನ ಅಂತ ಓದ್ಕೋತ ಹೊಟ್ಟ್ಯಾಗ ಸಂಕಟ ಆಗ್ತೈತಿ. ಬಟ್ಲರ್ ಓದೂ ಕಾಲೇಜಿನ್ಯಾಗ ಒಬ್ಬ ಕರಿಯ ಹುಡುಗ ನಮ್ಮ ಹಿರ್ಯಾರು ತೆಲಿ ಬಗ್ಗಿಸಿದ್ದಕ್ಕ ನಾವು ಹಿಂಗ ಅದೀವಿ ಅಂತ ಸಿಟ್ಟಿಲೆ ಅಂದಿದ್ದು, ಬಟ್ಲರ್ ಅವ್ವ ಹಿಂದಿನ ಬಾಗಲಿಂದ ಹೋಗ್ತಿದ್ದಿದ್ದು, ಎರಡೂ ಕೂಡಿ ಹುಟ್ಟಿದ ಪುಸ್ತಕ ಇದು. ಆ ತೆಲಿ ಬಗ್ಗಿಸಿದ್ದಕ್ಕ ಮಕ್ಳು ಉಂಡ್ರು ಅನ್ನೂದು ಆ ಹುಡುಗಗ ತಿಳೀಲಿಲ್ಲ, ಬಟ್ಲರ್‌ಗೆ ತಿಳೀತು. ಆಕಿ ಕಾರ್ ಓಡಸ್ತಿರಲಿಲ್ಲ, ಈ ಪುಸ್ತಕದ ಸಲುವಾಗಿ ಕ್ಯಾಲಿಫೋರ್ನಿಯಾದಿಂದ ಮೇರಿಲ್ಯಾಂಡಿಗೆ ಬಸ್ಸಿನ್ಯಾಗ ಹೋಗ್ಯಾಳ, ದೇಶದ ಈ ತುದಿಯಿಂದ ಆ ತುದಿಗೆ. ಬರದು ಮುಗಿಸಿದ್ರ ಒಬ್ಬರ ಮ್ಯಾಲೊಬ್ರು ಪ್ರಕಾಶಕರು ವಾಪಸ್ ಕಳಿಸಿದ್ರು. ಇವತ್ತು ಅಮೆರಿಕದ ಕಾಲೇಜಿನ್ಯಾಗ ಅದ ಪಠ್ಯ.

ಒಂದು ಸ್ಟಾರ್ ಯಾಕ ಹೋತು ಅಂದ್ರ ಫೈಲಿನ ತಪ್ಪಿಗೆ. ಸೈನ್ಸ್ ಫಿಕ್ಷನ್‌ಗೆ ಕೊಡೂ ದೊಡ್ಡ ಪ್ರಶಸ್ತಿ ಹ್ಯೂಗೋ, ಅದನ್ನ ತಗೊಂಡ ಮೊದಲ ಮಹಿಳೆ ಅಂತ ದಪ್ಪ ಅಕ್ಷರದಾಗ ಹಾಕ್ಯಾರ. ಅಲ್ಲ. 1968ರಾಗನ ಆನ್ ಮೆಕ್ಯಾಫ್ರಿ ಅನ್ನೂ ಲೇಖಕಿಗೆ ಬಂದಿತ್ತು. ಬಟ್ಲರ್‌ಗೆ 1984ರಾಗ ಸ್ಪೀಚ್ ಸೌಂಡ್ಸ್ ಅನ್ನೂ ಸಣ್ಣಕಥಿಗೆ ಬಂತು, ಮರುವರ್ಷ ಬ್ಲಡ್‌ಚೈಲ್ಡ್‌ಗೆ ಮತ್ತೊಂದು. ಆಕಿ ಖರೇನ ಮೊದಲು ಆಗಿದ್ದು ಬ್ಯಾರೆ ಕಡೆ, ಪ್ರತಿಭೆ ನೋಡಿ ರೊಕ್ಕ ಕೊಡೂ 1995ರ ಮೆಕಾರ್ಥರ್ ಫೆಲೋಶಿಪ್, ಅದು ಸಿಕ್ಕ ಮೊದಲ ಸೈನ್ಸ್ ಫಿಕ್ಷನ್ ಲೇಖಕಿ, 2,95,000 ಡಾಲರ್. ಚಿಪ್ಸ್ ಆರಿಸಿದಾಕಿಗೆ 48ನೇ ವಯಸ್ಸಿಗೆ ಬಂದ ರೊಕ್ಕ, ಫೈಲಿನ್ಯಾಗ ಆ ಆಕಡಾನ ಇಲ್ಲ! ಬ್ಲಡ್‌ಚೈಲ್ಡ್ ಅಂತ ಹೇಳಿದ್ನಲ್ಲ, ಊಟದ ಮುಂದ ಓದಬ್ಯಾಡ್ರಿ, ಬ್ಯಾರೆ ಲೋಕದ ಪ್ರಾಣಿ ಮನುಷ್ಯರ ಮೈಯಾಗ ತತ್ತಿ ಇಡ್ತೈತಿ, ಗಂಡಸರು ಬಸಿರಾಗ್ತಾರ, ಮತ್ತ ಅದು ಪ್ರೀತಿ ಕಥಿ ಅಂತಾಳ ಈಕಿ.

ನಮ್ಮೂರವ್ರಿಗೆ ಅಂತ ಹೇಳೂದು ಒಂದು ಪುಸ್ತಕ ಐತಿ, ಪ್ಯಾರಬಲ್ ಆಫ್ ದ ಸೋವರ್, 1993ರಾಗ ಬರದಿದ್ದು, ಕಥಿ ಶುರು ಆಗೂದು 2024ರಾಗ. ಮಳಿ ಇಲ್ಲ, ನೀರು ಪೆಟ್ರೋಲ್‌ಕಿಂತ ತುಟ್ಟಿ, ಗ್ವಾಡಿ ಕಟ್ಕೊಂಡು ಕೂತ ಓಣಿ, ಆ ಗ್ವಾಡಿ ಒಡೀತಾರ, ಹದಿನೆಂಟರ ಹುಡುಗಿ ಲಾರೆನ್ ಚೀಲ ಹೆಗಲಿಗೆ ಹಾಕ್ಕೊಂಡು ಹೈವೇ ಹಿಡದು ಉತ್ತರಕ್ಕ ನಡೀತಾಳ, ದಾರ್ಯಾಗ ಮಂದಿ ಕೂಡ್ಕೋತ ಹೋಗ್ತಾರ. ಆಲಮಟ್ಟಿ ಡ್ಯಾಮಿನ ನೀರಿಗೆ ಅರ್ಧ ಊರು ಬಿಟ್ಟು ನವನಗರದ ಸೆಕ್ಟರಿಗೆ ಬಂದ ಮನಿಯಾಗ ಬೆಳದವ್ರಿಗೆ ಇದು ಬ್ಯಾರೆನ ಓದಸ್ತೈತಿ, ನಮ್ಮ ಕಡೆ ನೀರು ಹೆಚ್ಚಾಗಿ ಊರು ಹೋತು, ಅಲ್ಲೆ ನೀರಿಲ್ಲದ ಹೋತು. ನಮಗ ಪರಿಹಾರದ ಚೆಕ್ಕು, ಸೈಟು, ಮುಳುಗಡೆ ಆಫೀಸಿಗೆ ಓಡಾಟ ಅಂತ ಏನರ ಇತ್ತು, ಲಾರೆನ್‌ಗೆ ಚೀಲದಾಗಿನ ಬೀಜ ಅಷ್ಟ. ಲಾರೆನ್ ಹೊಸ ಧರ್ಮ ಕಟ್ಟೂ ಭಾಗ ನನಗ ಎಳದಂಗ ಅನ್ನಿಸ್ತು, ಆ ಧರ್ಮದ ಪದ್ಯಗಳನ್ನ ಹಾರಿಸ್ಕೊಂಡು ಓದಿದ್ರೂ ಏನೂ ತಪ್ಪೂದಿಲ್ಲ, ಯಾರರ ಬೈದ್ರ ಬೈಲಿ. 1998ರ ಎರಡನೇ ಭಾಗದಾಗ ಅಮೆರಿಕನ್ನ ಮತ್ತ ದೊಡ್ಡದು ಮಾಡ್ತೀನಿ ಅನ್ನೂ ಅಧ್ಯಕ್ಷ ಬರ್ತಾನ, ಅದನ್ನ ಓದಿ ವರ್ಷ ಯಾವ್ದು ಅಂತ ನಾ ಮತ್ತ ಮೊದಲ್ನೇ ಪುಟ ತಗದು ನೋಡೀನಿ.

ಮೂರನೇ ಭಾಗ ಬರೀಬೇಕು ಅಂತ ಎಷ್ಟ ಸಲ ಶುರು ಮಾಡಿದ್ರೂ ಆಗ್ಲಿಲ್ಲ ಆಕಿಗೆ. 1999ರಾಗ ಸಿಯಾಟಲ್ ಕಡೆ ಹೋದ್ಲು, 2005ರಾಗ ಫ್ಲೆಡ್ಜ್‌ಲಿಂಗ್ ಅಂತ ರಕ್ತಪಿಶಾಚಿ ಕಾದಂಬರಿ, 2006ರ ಫೆಬ್ರುವರಿಯಾಗ ಮನಿ ಹೊರಗ ಬಿದ್ದು ತೀರ್ಕೊಂಡ್ಲು, 58 ವರ್ಷ ಅಷ್ಟ. 1988ರಾಗ ನೋಟ್‌ಬುಕ್ಕಿನ್ಯಾಗ ನನ್ನ ಪುಸ್ತಕ ಬೆಸ್ಟ್ ಸೆಲ್ಲರ್ ಆಗ್ತಾವು ಅಂತ ತನಗ ತಾನ ಬರ್ಕೊಂಡಿದ್ಲು, ಸೋವರ್ ನ್ಯೂಯಾರ್ಕ್ ಟೈಮ್ಸ್ ಲಿಸ್ಟಿಗೆ ಬಂದಿದ್ದು 2020ರಾಗ. ಮರುವರ್ಷ ನಾಸಾದವ್ರು ಪರ್ಸಿವಿಯರೆನ್ಸ್ ರೋವರ್ ಮಂಗಳದ ಮ್ಯಾಲೆ ಇಳದ ಜಾಗಕ್ಕ ಆಕಿ ಹೆಸರಿಟ್ರು. ಆ ನೋಟ್‌ಬುಕ್ ಪುಟದ ಬಣ್ಣದ ಪ್ರಿಂಟ್ ತಗದು ಅಂಗಡ್ಯಾಗ ಬುಕ್‌ಮಾರ್ಕ್ ಮಾಡಿ 20 ರೂಪಾಯಿಗೆ ಮಾರ್ತಾರ, ಎಫ್‌ಡಿಎ ಹುಡುಗ್ರು ತಗೊಂಡು ಗೈಡಿನ್ಯಾಗ ಇಟ್ಕೋತಾರ. ನಾ ತಗೊಳ್ಳಿಲ್ಲ. ಆ ಪುಟದಾಗ ಆಕಿ ಅವ್ವಗ ಛಲೋ ದವಾಖಾನಿ ಉಪಚಾರ ಕೊಡಿಸ್ತೀನಿ, ಬಡ ಕರಿಯ ಮಕ್ಳಿಗೆ ವರ್ಕ್‌ಶಾಪಿಗೆ ಹೋಗಾಕ ಸಹಾಯ ಮಾಡ್ತೀನಿ ಅಂತನೂ ಬರದಾಳ, ಬುಕ್‌ಮಾರ್ಕಿನ್ಯಾಗ ಆ ಸಾಲುಗಳನ್ನ ಕತ್ತರಿಸಿ ತಗದಾರ.

ಇನ್ನ ಅಂಗಡಿ ಬಗ್ಗೆ. ಪುಸ್ತಕದ ಕಂಡೀಶನ್ ಛಲೋ, ಸೋವರ್ ಪ್ರತಿ ಒಂದ ಐತಿ, ಅದಕ್ಕ ಹೆಸರು ಬರಸಿ ಕಾಯಬೇಕು. ಡಾನ್ (Dawn, ಅಂದ್ರ ಬೆಳಗು) ಅನ್ನೂ ಕಾದಂಬರಿಯಿಂದ ಶುರು ಆಗೂ ಬಟ್ಲರ್‌ನ ಮೂರು ಪುಸ್ತಕದ ಸರಣಿ, 1987ರಿಂದ 1989ರದ್ದು, ಪೂರಾ ಐತಿ, ಯಾರೂ ಕೇಳೂದಿಲ್ಲ ಅಂತ ಕಾಕಾ ಬೇಜಾರ ಮಾಡ್ಕೋತಾರ, ತಗೊಳ್ರಿ ಯಾರರ. ತಡಾ ಆದ್ರ ದಿನಕ್ಕ 5 ರೂಪಾಯಿ ದಂಡ, ಪುಸ್ತಕದಾಗ ಪೆನ್ನಿಲೆ ಗೆರಿ ಹೊಡದ್ರ ಡಿಪಾಸಿಟ್ ಹೋತು ಅಂತ ತಿಳ್ಕೊಳ್ರಿ, ಅದರಾಗ ಕಾಕಾ ತಮ್ಮ ತಂಗಿ ಅನ್ನೂದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್. ಫೋನ್ ಪೇ ನಡೀತೈತಿ, ಆದ್ರ ಡಿಪಾಸಿಟ್ಟಿಗೆ ತಾವಾಗೇ ಪಾವತಿ ಬರೆದು ಕೊಡೂದಿಲ್ಲ, ಕೇಳಿ ಇಸ್ಕೊಳ್ರಿ.