ಮೂರು ಪಿಸಿ, ಒಂದೇ ಅಂಗಡಿ, ರಾಯಚೂರಿನ ಬಿಸಿಲು

ನನಗೆ ಮೂರು ಗೇಮಿಂಗ್ ಪಿಸಿ ಜೋಡಿಸಿಕೊಟ್ಟ ಕಂಪ್ಯೂಟರ್ ಅಂಗಡಿಯ ಹೆಸರು ಹಾಕುವುದಿಲ್ಲ. ಈ ಬರಹದಲ್ಲಿ ಹೊಗಳಿಕೆಯ ಜೊತೆ ಬೈಗುಳವೂ ಇದೆ, ನಾಳೆ ನನ್ನ ಕಂಪ್ಯೂಟರ್ ಕೆಟ್ಟರೆ ಮತ್ತೆ ಅಲ್ಲಿಗೇ ಹೋಗಬೇಕು. ರಾಯಚೂರಿನ ಸ್ಟೇಷನ್ ರಸ್ತೆ ಕಡೆಯ ಸಣ್ಣ ಅಂಗಡಿ, ಒಳಗೆ ಏಸಿ ಇದ್ದರೂ ಬಾಗಿಲು ಸದಾ ತೆರೆದೇ ಇರುತ್ತದೆ. ಇಷ್ಟು ಸಾಕು.

ಹಗಲು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಹತ್ತು ದಾಟಿದ ಮೇಲೆ ಗೇಮ್ ಆಡುತ್ತೇನೆ. ವಯಸ್ಸು ಮೂವತ್ತಾರು. ಒಂದೇ ವರ್ಷದೊಳಗೆ ಈ ಅಂಗಡಿಯಿಂದ ಮೂರು ಗೇಮಿಂಗ್ ಪಿಸಿ ಜೋಡಿಸಿಕೊಂಡು ಬಂದಿದ್ದೇನೆ. 2024ರ ಜೂನ್‌ನಲ್ಲಿ ಅಕ್ಕನ ಮಗನಿಗೆ 39 ಸಾವಿರದ್ದು, ಅದೇ ವರ್ಷ ದಸರೆಗೆ ನನಗೆ 67 ಸಾವಿರದ್ದು, 2025ರ ಏಪ್ರಿಲ್‌ನಲ್ಲಿ ನಮ್ಮ ಮಿಲ್ಲಿನ ಸೌಕಾರ್ರ ಮಗನಿಗೆ 1 ಲಕ್ಷ 56 ಸಾವಿರದ್ದು. ಮೂರರಲ್ಲಿ ಹೆಚ್ಚು ತಲೆನೋವು ಕೊಟ್ಟದ್ದು ಕೊನೆಯದು. ಕಡಿಮೆ ರೊಕ್ಕದ ಪಿಸಿಗೆ ಒಂದೊಂದು ಸಾಮಾನಿಗೂ ಜಗಳ ಆಡಿ ತಂದಿದ್ದೆವು. ದೊಡ್ಡದಕ್ಕೆ ಯಾರೂ ಏನೂ ಕೇಳಲಿಲ್ಲ.

ಅಕ್ಕನ ಮಗ ಮಾನ್ವಿಯವನು. ಹತ್ತನೇ ತರಗತಿ ಪಾಸಾದರೆ ಕಂಪ್ಯೂಟರ್ ಎಂದು ಅಕ್ಕ ಮಾತು ಕೊಟ್ಟಿದ್ದಳು. ಅಂಗಡಿಯ ಅಣ್ಣ ನಮ್ಮನ್ನು ಕೂರಿಸಿ ಮೊದಲು ಹೇಳಿದ್ದು: "ಸರ, ನಲವತ್ತು ಸಾವಿರ ಯಾಕ ರೀ? ಇಪ್ಪತ್ತರಾಗ ಐ7 ಕೊಡ್ತೀನಿ. ಮ್ಯಾಲ ನಾಕು ಜಿಬಿ ಕಾರ್ಡ್ ಹಾಕಿ ಕೊಡ್ತೀನಿ. ಹುಡುಗ ಖುಷ್ ಆಗ್ತಾನ."

"ಅಣ್ಣಾ, ಅದು ಯಾವ ಕಾಲದ ಐ7?"

"ಐ7 ಅಂದ್ರ ಐ7 ರೀ ಸರ."

ಡಬ್ಬಿ ತಿರುಗಿಸಿ ನೋಡಿದರೆ ಐ7-2600. 2011ರಲ್ಲಿ ಬಂದ ಇಂಟೆಲ್ ಪ್ರೊಸೆಸರ್ (ಪಿಸಿಯ ಮುಖ್ಯ ಚಿಪ್) ಅದು, ಅಕ್ಕನ ಮಗನಿಗಿಂತ ಸ್ವಲ್ಪವೇ ಚಿಕ್ಕದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಪಟ್ಟಿಯಲ್ಲಿ ಅದಿಲ್ಲ, ವಿಂಡೋಸ್ 10ಕ್ಕೋ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಹುಡುಗನಿಗೆ ಬೇಕಿದ್ದದ್ದು ವ್ಯಾಲೊರಂಟ್ ಎಂಬ ಗೇಮ್. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಎರಡೂ ಇಲ್ಲದೆ ತೆರೆಯುವುದೇ ಇಲ್ಲ. ಇನ್ನು ಆ "ನಾಕು ಜಿಬಿ ಕಾರ್ಡ್" ಅಂದರೆ ಜಿಟಿ 730 ಎಂಬ ಗ್ರಾಫಿಕ್ಸ್ ಕಾರ್ಡ್, ಗೇಮಿನ ಚಿತ್ರ ಮೂಡಿಸುವ ಸಾಮಾನು. ನಾಲ್ಕು ಜಿಬಿ ಅನ್ನುವುದು ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಹಳೇ ಟ್ರ್ಯಾಕ್ಟರಿಗೆ ದೊಡ್ಡ ಟ್ರಾಲಿ ಕಟ್ಟಿದ ಹಾಗೆ, ಎಳೆಯುವ ಎಂಜಿನ್ನಿಗೇ ಶಕ್ತಿ ಇಲ್ಲ.

ನಾವು ತೆಗೆದುಕೊಂಡದ್ದು ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್. ಆರು ಕೋರ್, ಹನ್ನೆರಡು ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ. ಆ ಒಳಗಿನ ಗ್ರಾಫಿಕ್ಸೇ ಜಿಟಿ 730ನ್ನು ಹಿಂದೆ ಹಾಕುತ್ತದೆ. 11,500 ಕೊಟ್ಟೆವು. ಮದರ್‌ಬೋರ್ಡ್ 5,600, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ 3,200. ರ‍್ಯಾಮ್ ವಿಷಯಕ್ಕೆ ಮತ್ತೆ ಚರ್ಚೆ. ಅಣ್ಣ 16 ಜಿಬಿಯ ಒಂದೇ ಸ್ಟಿಕ್ ಕೊಡಲು ಹೊರಟಿದ್ದ, ನಾನು ಎಂಟೆಂಟರ ಎರಡು ಬೇಕು ಅಂದೆ. ಈ ಪ್ರೊಸೆಸರಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುತ್ತದೆ. ಸುಗ್ಗಿಯಲ್ಲಿ ನೆಲ್ಲಿನ ಲಾರಿಗಳು ಸಾಲು ನಿಂತಾಗ ಮಿಲ್ಲಿನ ಒಂದೇ ಗೇಟು ತೆಗೆದರೆ ಹೇಗಿರುತ್ತದೋ ಒಂದೇ ಸ್ಟಿಕ್ ಹಾಕಿದರೂ ಹಾಗೆಯೇ. ಅಣ್ಣ ಒಪ್ಪಲಿಲ್ಲ, ಅಂಗಡಿಯಲ್ಲೇ ಎರಡೂ ರೀತಿ ಹಾಕಿ ತೋರಿಸು ಅಂದೆ. ತೋರಿಸಿದ. ಒಂದು ಸ್ಟಿಕ್ಕಿನಲ್ಲಿ ತಿರುಗಿದರೆ ಚಿತ್ರ ತಡವರಿಸುತ್ತಿತ್ತು, ಎರಡು ಹಾಕಿದ ಮೇಲೆ ನೀಟಾಗಿ ಓಡಿತು. ಅಣ್ಣನೂ ಬಗ್ಗಿ ನೋಡಿ "ಹೌದಲ್ರೀ" ಅಂದ. ಈಗ ಬೇರೆ ಗಿರಾಕಿಗಳಿಗೆ ಅವನೇ ಇದನ್ನು ಹೇಳುತ್ತಾನಂತೆ, ನನ್ನ ಹೆಸರು ಹೇಳದೆ.

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ಇಳಿಯಲಿಲ್ಲ, ನೇರವಾಗಿ ಬೇಡ ಅಂದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಕೈಯಲ್ಲಿ ಹಿಡಿದರೆ ಬೆಂಕಿಪೆಟ್ಟಿಗೆಯಷ್ಟು ಹಗುರ. 2017ರಲ್ಲಿ ಅಂಥದೇ ಒಂದು ನನ್ನ ಹಳೇ ಮಷೀನಿನಲ್ಲಿ ಪಟ್ ಅಂತ ಸಿಡಿದಿತ್ತು. ಮೊದಲು ನೀಲಿ ಕಿಡಿ, ಆಮೇಲೆ ಸುಟ್ಟ ಮೀನಿನಂಥ ವಾಸನೆ. ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ನನ್ನ ಮದುವೆಯ ಫೋಟೊಗಳಿದ್ದವು. ಹೆಂಡತಿ ಇವತ್ತಿಗೂ ಅದನ್ನು ಎತ್ತುತ್ತಾಳೆ. ಹಾಗಾಗಿ ಮಾನ್ವಿಯ ಪಿಸಿಗೆ 3,100 ಕೊಟ್ಟು 450 ವ್ಯಾಟಿನ, ಕರೆಂಟ್ ಕಡಿಮೆ ಪೋಲಾಗುತ್ತದೆ ಎಂಬ 80 ಪ್ಲಸ್ ಬ್ರಾಂಜ್ ಗುರುತಿನದು ಹಾಕಿಸಿದೆ. ಜೊತೆಗೆ 600 ವಿಎ ಯುಪಿಎಸ್ 2,700. ಅಕ್ಕನ ಮನೆಯಲ್ಲಿ ಸಂಜೆ ಪಂಪ್‌ಸೆಟ್ ಚಾಲೂ ಆದರೆ ಟ್ಯೂಬ್‌ಲೈಟ್ ಮಂಕಾಗುತ್ತದೆ, ಅಲ್ಲಿ ಇದು ಶೋಕಿಯಲ್ಲ. ಮನೆಯಲ್ಲಿ ಇನ್ವರ್ಟರ್ ಇರುವವರು ಅದರ ಹಿಂದಿನ ಸ್ವಿಚ್ 'ಯುಪಿಎಸ್' ಕಡೆಗಿದೆಯೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ. ಇನ್ನೊಂದು ಕಡೆಗಿದ್ದರೆ ಕರೆಂಟ್ ಹೋದಾಗ ಫ್ಯಾನ್ ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಬದಲಾಗುವ ಆ ಕ್ಷಣದ ತಡವನ್ನು ಅದು ತಾಳುವುದಿಲ್ಲ.

ಉಳಿದದ್ದರಲ್ಲಿ ಕ್ಯಾಬಿನೆಟ್, 22 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್ ಬಂದವು. "ಮಾಮ, ಲೈಟ್ ಇಲ್ಲೇನು ಇದ್ರಾಗ?" ಎಂದು ಹುಡುಗ ಮುಖ ಸಣ್ಣದು ಮಾಡಿದ. ಇಲ್ಲ.

ನನ್ನದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸುಮ್ಮನೆ ಕೆಲಸ ಮಾಡಿಕೊಂಡಿದೆ. ಐ5-12400ಎಫ್, ಡಿಡಿಆರ್4 ಬೋರ್ಡ್, 16 ಜಿಬಿ, ಒಂದು ಟಿಬಿ ಎಸ್‌ಎಸ್‌ಡಿ, ಆರ್‌ಎಕ್ಸ್ 6600. ಆ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಆಮೇಲೆ ಹಾಕೋಣ ಅಂದುಕೊಂಡು ಇದನ್ನು ತಂದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ನನ್ನ ಗೊಂದಲ ಇದ್ದದ್ದು ಆರ್‌ಎಕ್ಸ್ 6600 ಮತ್ತು ಆರ್‌ಟಿಎಕ್ಸ್ 4060ರ ನಡುವೆ. ಎರಡಕ್ಕೂ 8 ಜಿಬಿಯೇ. 4060 ಹೊಸದು, ವೇಗವೂ ಜಾಸ್ತಿ, 115 ವ್ಯಾಟಿನಲ್ಲೇ ಮುಗಿಸುತ್ತದೆ. 6600ಕ್ಕೆ 132 ಬೇಕು. ಎಐ ಬಳಸಿ ಗೇಮಿಗೆ ವೇಗ ಕೊಡುವ ಡಿಎಲ್‌ಎಸ್‌ಎಸ್, ಅದರ ಫ್ರೇಮ್ ಜನರೇಷನ್ (ನಡುನಡುವೆ ಚಿತ್ರ ಸೇರಿಸುವುದು) ಎಲ್ಲ 4060ರ ಕಡೆಗೇ. ಆದರೆ ಅಂಗಡಿಯಲ್ಲಿ ಅದಕ್ಕೆ 27,500, ಇದಕ್ಕೆ 19,700. ಉಳಿದ ಏಳೆಂಟು ಸಾವಿರ ಮಾನಿಟರಿಗೆ ಹೋಯಿತು, 24 ಇಂಚು, 165 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುತ್ತದೆ), 10,500. ಕಣ್ಣಿಗೆ ಕಾಣುವುದು ಅದೇ ತಾನೆ. ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಸೈಬರ್‌ಪಂಕ್ 2077 ಗೇಮಿನಲ್ಲಿ ಬೆಳಕು-ನೆರಳು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಹಾಕಿದಾಗ ಮಾತ್ರ ಸ್ವಲ್ಪ ಆಗುತ್ತದೆ, ಆಗ ಅದನ್ನು ಆಫ್ ಮಾಡುತ್ತೇನೆ.

ಮೂರನೆಯದಕ್ಕೆ ಬರೋಣ. ಸೌಕಾರ್ರು ನನ್ನನ್ನು ಆಫೀಸಿಗೆ ಕರೆದು "ರೊಕ್ಕದ ಚಿಂತಿ ಮಾಡಬ್ಯಾಡ, ಹುಡುಗ ಕೇಳಿದ್ದು ಹಾಕಿಸು" ಅಂದರು. ಹುಡುಗ ಫೋನಿನಲ್ಲಿ ವಿಡಿಯೊ ನೋಡಿ ಬರೆದುಕೊಂಡಿದ್ದ ಪಟ್ಟಿಯನ್ನೇ ಅಣ್ಣನಿಗೆ ಕೊಟ್ಟ. ರೈಜನ್ 7 7700, ಆರ್‌ಟಿಎಕ್ಸ್ 5070, 32 ಜಿಬಿ ಡಿಡಿಆರ್5, 750 ವ್ಯಾಟಿನ ಗೋಲ್ಡ್ ಎಸ್‌ಎಂಪಿಎಸ್, ಮುಂದೆ ಪೂರ್ತಿ ಗಾಜಿನ ಕ್ಯಾಬಿನೆಟ್, ಪ್ರೊಸೆಸರನ್ನು ದ್ರವದಿಂದ ತಂಪಿಡುವ ಮೂರು ಫ್ಯಾನಿನ ಲಿಕ್ವಿಡ್ ಕೂಲರ್. ಕಾರ್ಡಿಗೇ 66 ಸಾವಿರ. ಅಣ್ಣ ಅವತ್ತು ನನಗೂ ಥಮ್ಸಪ್ ತರಿಸಿದ. ನಾನು ಕುಡಿದು ಸುಮ್ಮನೆ ಕೂತೆ. ತಪ್ಪು ನನ್ನದೂ ಇದೆ.

ಹದಿನೈದು ದಿನಕ್ಕೆ ಹುಡುಗ ಮಿಲ್ಲಿನ ಆಫೀಸಿಗೆ ಬಂದು "ಅಣ್ಣಾ, ಒಂದೂವರಿ ಲಕ್ಷ ಕೊಟ್ಟೂ ಗೇಮ್ ಹಿಡ್ಕೋತದ" ಅಂದ. ಹೋಗಿ ನೋಡಿದೆ. ಮೇಜಿನ ಮೇಲೆ ಆಫೀಸಿನಿಂದ ಒಯ್ದ ಹಳೇ ಮಾನಿಟರ್, 60 ಹರ್ಟ್ಜಿನದು. ಮಷೀನ್ ತಿರುಗಿಸಿದರೆ ಎಚ್‌ಡಿಎಂಐ ವೈರ್ ಗ್ರಾಫಿಕ್ಸ್ ಕಾರ್ಡಿಗಲ್ಲ, ಮೇಲೆ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದೆ! ನನ್ನ 12400ಎಫ್ ಆಗಿದ್ದರೆ ಪರದೆ ಕಪ್ಪಾಗಿಯೇ ಇದ್ದು ತಪ್ಪು ಅವತ್ತೇ ತಿಳಿಯುತ್ತಿತ್ತು. ರೈಜನ್ 7700ರ ಒಳಗೆ ಹೆಸರಿಗೆ ಒಂದಿಷ್ಟು ಗ್ರಾಫಿಕ್ಸ್ ಇದೆ, ವಿಂಡೋಸ್ ತೋರಿಸಲು ಸಾಕು. ಹಾಗಾಗಿ 66 ಸಾವಿರದ ಕಾರ್ಡ್ ಎರಡು ವಾರ ಬಣ್ಣದ ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ವೈರ್ ಕೆಳಗಿನ ಕಿಂಡಿಗೆ ಹಾಕಿದೆ, ಮುಗಿಯಿತು. ಹುಡುಗ ನನ್ನನ್ನು ಡಾಕ್ಟರನ್ನು ನೋಡಿದ ಹಾಗೆ ನೋಡಿದ. ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್) ತೆರೆದು ನೋಡಿದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿದೆ, ಎಕ್ಸ್‌ಪೊ ಎಂಬ ಪೂರ್ತಿ ವೇಗದ ಸೆಟ್ಟಿಂಗ್ ಚಾಲೂ ಮಾಡಿಯೇ ಇರಲಿಲ್ಲ. ನನ್ನ ಮಷೀನಿನಲ್ಲೂ ಅಣ್ಣ ಹೀಗೇ ಮಾಡಿದ್ದ, 3200ರ ರ‍್ಯಾಮ್ 2666ರಲ್ಲಿತ್ತು. ಮನೆಗೆ ಒಯ್ಯುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ವೇಗ ನೋಡಿ, ಅರ್ಧ ನಿಮಿಷದ ಕೆಲಸ.

ಮೇ ಬಂತು. ರಾಯಚೂರಿನ ಮೇ ಗೊತ್ತಲ್ಲ, ಮಧ್ಯಾಹ್ನ ಬೀದಿ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಸೌಕಾರ್ರ ಮನೆ ಮಿಲ್ಲಿನ ಕಾಂಪೌಂಡಿನಲ್ಲೇ ಇದೆ. ಒಂದು ದಿನ ಮತ್ತೆ ಕರೆದರು, ಮಷೀನು ನೆಲ್ಲು ತೂರುವ ಯಂತ್ರದ ಹಾಗೆ ಸದ್ದು ಮಾಡುತ್ತಿದೆ ಎಂದು. ಪಕ್ಕದ ಗಾಜು ತೆಗೆದೆ. ಲಿಕ್ವಿಡ್ ಕೂಲರಿನ ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ತೌಡಿನ ಪುಡಿ ಕೂತು, ಮಳೆಗಾಲದ ತೇವ ಇಲ್ಲದಿದ್ದರೂ ಎಣ್ಣೆಯ ಜಿಡ್ಡಿಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೆರಳಿನಿಂದ ಕೆರೆದರೆ ಹಿಟ್ಟಿನ ಹಾಗೆ ಉಂಡೆ ಬಂತು. ಮುಂದೆ ಪೂರ್ತಿ ಗಾಜು, ಗಾಳಿ ಬರುವುದು ಪಕ್ಕದ ಎರಡು ಸೀಳುಗಳಿಂದ. 250 ವ್ಯಾಟಿನ ಕಾರ್ಡ್ ಆ ಡಬ್ಬಿಯೊಳಗೆ ಬೇಯುತ್ತಿತ್ತು. ನನಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ರೈಜನ್ 7 7700ರ ಡಬ್ಬಿಯಲ್ಲೇ ವ್ರೇಯ್ತ್ ಪ್ರಿಸಂ ಎಂಬ ಒಳ್ಳೆ ಕೂಲರ್ ಬರುತ್ತದೆ. 65 ವ್ಯಾಟಿನ ಪ್ರೊಸೆಸರಿಗೆ ಅದು ಧಾರಾಳ. ಆ ಕೂಲರ್ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡಬ್ಬಿಯಲ್ಲೇ ಇತ್ತು, ಮೇಲೆ ಹತ್ತು ಸಾವಿರದ ಲಿಕ್ವಿಡ್ ಕೂಲರ್. ಅದೇ ಹತ್ತು ಸಾವಿರಕ್ಕೆ ಇನ್ನಷ್ಟು ಸೇರಿಸಿದ್ದರೆ ಇನ್ನೂ ಸ್ಪಷ್ಟ ಚಿತ್ರದ 1440ಪಿ ಮಾನಿಟರ್ ಬರುತ್ತಿತ್ತು, 5070 ಯಾವ ಕೆಲಸಕ್ಕೆ ಹುಟ್ಟಿದೆಯೋ ಆ ಕೆಲಸ ಮಾಡುತ್ತಿತ್ತು. ಕೊನೆಗೆ ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್ಟಿಗೆ ಎಲ್ಲವನ್ನೂ ಬದಲಾಯಿಸಿದೆವು. ಜಾಳಿಗೆಯ ಹಿಂದೆ ತೊಳೆಯಬಹುದಾದ ಫಿಲ್ಟರ್ ಇದೆ, ಹುಡುಗನಿಗೆ ಹದಿನೈದು ದಿನಕ್ಕೊಮ್ಮೆ ತೊಳೆಯಲು ಹೇಳಿದ್ದೇನೆ. ಮಿಲ್ಲಿನ ಹತ್ತಿರ, ಹತ್ತಿ ಜಿನ್ನಿಂಗ್ ಹತ್ತಿರ, ಉಷ್ಣ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಕಡೆ ಮನೆ ಇರುವವರು ಗಾಜಿನ ಶೋಕಿ ಬಿಡುವುದು ಒಳ್ಳೆಯದು.

ಇನ್ನು ಅಂಗಡಿಯ ಮಾತು. ಅಣ್ಣ ಒಳ್ಳೆಯವನು, ಆದರೆ ಬಿಲ್ ಕೇಳಿದರೆ ಮುಖ ಬಾಡುತ್ತದೆ. "ಬಿಲ್ ಬ್ಯಾಡಂದ್ರ ಇನ್ನೂ ಕಮ್ಮಿ ಮಾಡ್ತೀನ್ರೀ ಸರ." ಬೇಡ. ಈ ಸಾಮಾನಿಗೆ ಜಿಎಸ್‌ಟಿ 18 ಶೇಕಡಾ, ಉಳಿಸುವ ಆಸೆ ನನಗೂ ಇದೆ, ಆದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲದಿದ್ದರೆ ವಾರಂಟಿ ಕೇಳುವಾಗ ಬಾಯಿ ಕಟ್ಟಿದ ಹಾಗೆ. ನಾನು ಪಕ್ಕದಲ್ಲಿ ನಿಂತು ಒಂದೊಂದೇ ನಂಬರ್ ಓದಿ ಬರೆಸಿದೆ, ಲೋಡಿನ ಚೀಲ ಎಣಿಸಿದ ಹಾಗೆ. ಅದು ಉಪಯೋಗಕ್ಕೆ ಬಂತು. 2025ರ ಜನವರಿಯಲ್ಲಿ ನನ್ನ ಒಂದು ರ‍್ಯಾಮ್ ಸ್ಟಿಕ್ ಕೈಕೊಟ್ಟಿತು, ಆಡುವಾಗ ನೀಲಿ ಪರದೆ. ಅಣ್ಣ ಒಂದು ಮಾತೂ ಆಡದೆ ತೆಗೆದುಕೊಂಡು ಕೊರಿಯರ್ ಮಾಡಿದ, ಹತ್ತೊಂಬತ್ತು ದಿನಕ್ಕೆ ಹೊಸದು ಬಂತು. ಅಲ್ಲಿಯವರೆಗೆ ತನ್ನ ಒಂದು ಸ್ಟಿಕ್ ಪುಕ್ಕಟೆ ಕೊಟ್ಟಿದ್ದ. ಆನ್‌ಲೈನಿನಲ್ಲಿ ತಂದಿದ್ದರೆ ಇದು ಸಿಗುತ್ತಿರಲಿಲ್ಲ.

ಸಿಕಂದರಾಬಾದಿನ ಸಿಟಿಸಿ ಎಂಬ ಕಂಪ್ಯೂಟರ್ ಮಾರುಕಟ್ಟೆಗೂ ಒಮ್ಮೆ ಹೋಗಿ ವಿಚಾರಿಸಿದ್ದೆ, ಬೆಳಗಿನ ರೈಲಿಗೆ ಹೋಗಿ ರಾತ್ರಿ ಬಂದೆ. ಆಯ್ಕೆ ಬಹಳ, ನನ್ನ ಪಟ್ಟಿಗೆ ಎರಡು ಸಾವಿರ ಕಮ್ಮಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಹೆಚ್ಚುಕಮ್ಮಿ ಅದೇ ದರ ಎಂದು ಗೆಳೆಯ ಹೇಳಿದ. ಟಿಕೆಟ್ಟು, ಊಟ, ಒಂದು ದಿನದ ಸಂಬಳ ಲೆಕ್ಕ ಹಾಕಿದರೆ ಸಮಸಮ. ಒಂದೂವರೆ ಲಕ್ಷದ ಪಟ್ಟಿ ಇದ್ದರೆ ಹೋಗಿ, ನಲವತ್ತರದ್ದಕ್ಕೆ ಬೇಡ. ಅಂಗಡಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಸಾಮಾನು ಅಸಲಿ, ಸರ್ವಿಸ್ ಚೆನ್ನಾಗಿದೆ. ಸಲಹೆ ಮಾತ್ರ ಕೇಳಬೇಡಿ, ಪಟ್ಟಿ ನೀವೇ ಮಾಡಿಕೊಂಡು ಹೋಗಿ.

ಈಗ ಕೊಳ್ಳುವವರಿಗೆ ಒಂದು ಮಾತು. ಮೇಲಿನ ದರಗಳು ನಾನು ಕೊಂಡಾಗಿನವು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹುಚ್ಚುಚ್ಚಾಗಿ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗುತ್ತಿದೆ, ನಮಗೆ ಉಳಿಯುವುದು ಕಡಿಮೆ. ನಾನು 3,400ಕ್ಕೆ ತಂದ ಎಂಟೆಂಟರ ಜೋಡಿಯ ಬೆಲೆ ಎರಡರಷ್ಟಕ್ಕೂ ಮೇಲೆ ಹೋಗಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರಾದರೆ ಸದ್ಯ 16 ಜಿಬಿಯಲ್ಲಿ ನಿಲ್ಲಿಸಿ, 32ರ ಹಟ ಬೇಡ. 5600ಜಿ ತರಹದ್ದು ಕೊಳ್ಳುವವರು ಮಾತ್ರ ಎರಡು ಸ್ಟಿಕ್ ಬಿಡಬೇಡಿ, ಅಲ್ಲಿ ಉಳಿಸಲು ಹೋದರೆ ಗೇಮೇ ಹೋಗುತ್ತದೆ.

ಸೌಕಾರ್ರ ಮಗ ಕೊನೆಗೂ 27 ಇಂಚಿನ 1440ಪಿ ಮಾನಿಟರ್ ತರಿಸಿದ. ಬಿಚ್ಚದ ಆ ವ್ರೇಯ್ತ್ ಪ್ರಿಸಂ ಕೂಲರ್ ನನ್ನ ಮೇಜಿನ ಕೆಳಗಿದೆ. ಅಕ್ಕನ ಮಗನ ಪಿಸಿಯ ಎಎಂ4 ಬೋರ್ಡಿಗೂ ಅದು ಕೂರುತ್ತದೆ ಎಂದು ಬಾಯಿತಪ್ಪಿ ಅವನ ಮುಂದೆ ಹೇಳಿಬಿಟ್ಟೆ, ಅವತ್ತಿನಿಂದ ವಾರಕ್ಕೊಮ್ಮೆ ಫೋನ್. ತಂಪಿನ ಮಾತು ಅವನಿಗೆ ಬೇಕಿಲ್ಲ. "ಮಾಮ, ಅದ್ರಾಗ ಬಣ್ಣದ ಲೈಟ್ ಅದಾವಂತಲ್ಲ?"